ಪ್ಲೇಆಫ್ ಗೆಲುವನ್ನು ಯುವ ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕೆ ಬರೆಯಬಹುದೇ?

ವಾಷಿಂಗ್ಟನ್‌ನ ಜೇಡನ್ ಡೇನಿಯಲ್ಸ್, ಹ್ಯೂಸ್ಟನ್ ಟೆಕ್ಸನ್ಸ್‌ನ ಸಿ.ಜೆ. ಸ್ಟ್ರೌಡ್ ಅವರಂಥ ಯುವ ಕ್ವಾರ್ಟರ್‌ಬ್ಯಾಕ್‌ಗಳು (ಚೆಂಡು ಎಸೆದು ದಾಳಿ ನಡೆಸುವ ಆಟಗಾರರು) ಅಮೆರಿಕನ್ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್‌ನ ಪ್ಲೇಆಫ್‌ನಲ್ಲಿ (ಲೀಗ್ ಹಂತದ ನಂತರದ ನಾಕೌಟ್ ಪಂದ್ಯಗಳಲ್ಲಿ) ಗೆದ್ದಾಗ ಶ್ರೇಯ ಅವರಿಗೆ ಸಲ್ಲಬೇಕೋ ತಂಡಕ್ಕೋ, ಸೋತಾಗ ‘ಇವರು ದೊಡ್ಡ ಪಂದ್ಯಕ್ಕೆ ಒದಗುವವರಲ್ಲ’ ಎಂದು ತೀರ್ಮಾನಿಸುವುದು ಸರಿಯೇ ಎಂದು ನೀವು ಕೇಳಿದ್ದೀರಿ. ಮೊದಲ ಎರಡು ಮೂರು ವರ್ಷಗಳಲ್ಲಿ ಪ್ಲೇಆಫ್ ಫಲಿತಾಂಶವು ಕ್ವಾರ್ಟರ್‌ಬ್ಯಾಕ್ ಬಗ್ಗೆ ಹೇಳುವುದಕ್ಕಿಂತ ಅವರ ಸುತ್ತ ಕಟ್ಟಿದ ತಂಡದ ಬಗ್ಗೆಯೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಆ ಪಂದ್ಯಗಳಿಂದ ಆಟಗಾರನ ಬಗ್ಗೆ ಏನೂ ತಿಳಿಯುವುದಿಲ್ಲವೆಂದಲ್ಲ. ತಿಳಿಯುತ್ತದೆ, ಆದರೆ ಅಂತಿಮ ಸ್ಕೋರ್ ನೋಡಿ ತಿಳಿಯುವುದಿಲ್ಲ. ನಾನು ಬಾಲ್ಟಿಮೋರ್ ಬಳಿ ನೆಲೆಸಿರುವವನು, ರೇವನ್ಸ್ ತಂಡದ ಅಭಿಮಾನಿ. ನನ್ನ ಉದಾಹರಣೆಗಳಲ್ಲಿ ಆ ತಂಡದ ಹೆಸರು ಹೆಚ್ಚಾಗಿ ಬಂದರೆ ಅದಕ್ಕೆ ಇದೇ ಕಾರಣ.

ಈ ಆಟ ಹೊಸದಾದವರಿಗೆ ಒಂದು ಮಾತು ಮೊದಲೇ ಹೇಳಬೇಕು. ಕ್ರಿಕೆಟ್‌ನಲ್ಲಿ ಬ್ಯಾಟ್ ಮಾಡಿದವನೇ ಫೀಲ್ಡಿಂಗಿಗೂ ಇಳಿಯುತ್ತಾನೆ, ಬೇಕಾದರೆ ಬೌಲಿಂಗನ್ನೂ ಮಾಡುತ್ತಾನೆ. ಇಲ್ಲಿ ತಂಡದ ಬಳಿ ಚೆಂಡಿರುವಾಗ ಆಡುವ ಹನ್ನೊಂದು ಮಂದಿ (ಆಫೆನ್ಸ್) ಬೇರೆ, ಎದುರಾಳಿಯನ್ನು ತಡೆಯುವ ಹನ್ನೊಂದು ಮಂದಿ (ಡಿಫೆನ್ಸ್) ಬೇರೆ. ಪಂದ್ಯದ ಹೆಚ್ಚುಕಡಿಮೆ ಅರ್ಧ ಹೊತ್ತು ಕ್ವಾರ್ಟರ್‌ಬ್ಯಾಕ್ ಗೆರೆಯಾಚೆ ಕುಳಿತು ನೋಡುತ್ತಿರುತ್ತಾರೆ. ಹೀಗಿದ್ದೂ ಗೆಲುವು-ಸೋಲಿನ ದಾಖಲೆಯನ್ನು ಆಟಗಾರರ ಪೈಕಿ ಅವರೊಬ್ಬರ ಹೆಸರಿನ ಮುಂದೆ ಮಾತ್ರ ಬರೆಯುವ ರೂಢಿ ಬಂದುಬಿಟ್ಟಿದೆ. ನಿಮ್ಮ ಪ್ರಶ್ನೆಯ ಹಿಂದಿರುವ ಗೊಂದಲಕ್ಕೆ ಮೂಲ ಈ ರೂಢಿಯೇ.

ಆ ದಾಖಲೆಯನ್ನು ನಂಬಿದರೆ ಎಲ್ಲಿಗೆ ಮುಟ್ಟುತ್ತೇವೆ ಎಂಬುದಕ್ಕೆ ಮಾರ್ಕ್ ಸಾಂಚೆಝ್ ಅವರನ್ನು ನೋಡಿ. 2009ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದ ಅವರು ಆ ವರ್ಷ ಲೀಗ್ ಹಂತದಲ್ಲಿ ಎಸೆದ ಟಚ್‌ಡೌನ್ ಪಾಸ್‌ಗಳು (ಎದುರಾಳಿಯ ಗೋಲ್ ಗೆರೆ ದಾಟಿ ಅಂಕ ತರುವ ಎಸೆತಗಳು) 12, ಎದುರಾಳಿಯ ಕೈಗೆ ಒಪ್ಪಿಸಿದ ಇಂಟರ್‌ಸೆಪ್ಷನ್‌ಗಳು 20. ಕೋಚ್ ರೆಕ್ಸ್ ರಯಾನ್ ಅವರಿಗೆ ಬಣ್ಣಗಳ ಸಂಕೇತವನ್ನೇ ಕಲಿಸಬೇಕಾಯಿತು: ಕೆಂಪು ಎಂದರೆ ಚೆಂಡನ್ನು ಜೋಪಾನ ಮಾಡು, ಹಳದಿ ಎಂದರೆ ಎಚ್ಚರ, ಹಸಿರು ಎಂದರೆ ಧೈರ್ಯ ಮಾಡಬಹುದು. ಆದರೂ ಜೆಟ್ಸ್ ಆ ಪ್ಲೇಆಫ್‌ನಲ್ಲಿ ಎದುರಾಳಿಗಳ ನೆಲದಲ್ಲೇ ಎರಡು ಪಂದ್ಯ ಗೆದ್ದಿತು. ಮರುವರ್ಷ ಒಂದು ವಾರ ಪೇಟನ್ ಮ್ಯಾನಿಂಗ್ ಅವರ ಕೋಲ್ಟ್ಸ್ ತಂಡವನ್ನು 17-16ರಿಂದ, ಮುಂದಿನ ವಾರ ಟಾಮ್ ಬ್ರೇಡಿ ಅವರ ಪೇಟ್ರಿಯಟ್ಸ್ ತಂಡವನ್ನು 28-21ರಿಂದ ಅವರವರ ಊರಿನಲ್ಲೇ ಸೋಲಿಸಿತು. ಎರಡೂ ವರ್ಷ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಬಾಕಿ ಇತ್ತು. ಆಮೇಲೆ ಸಾಂಚೆಝ್ ಒಂದೇ ಒಂದು ಪ್ಲೇಆಫ್ ಪಂದ್ಯವನ್ನೂ ಆರಂಭಿಸಲಿಲ್ಲ. 2009ರಲ್ಲಿ ಇಡೀ ಲೀಗ್‌ನಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್, ಚೆಂಡು ಹಿಡಿದು ಓಡುವುದರಲ್ಲಿ ಅತಿ ಹೆಚ್ಚು ಗಜ ಗಳಿಸಿದ ಪಡೆ, ಎರಡೂ ಜೆಟ್ಸ್‌ನವೇ ಆಗಿದ್ದವು. ಆ ಗೆಲುವುಗಳನ್ನು ಸಾಂಚೆಝ್ ಲೆಕ್ಕಕ್ಕೆ ಹಾಕಿದವರು ಮುಂದೆ ನಿರಾಶರಾದದ್ದರಲ್ಲಿ ಆಶ್ಚರ್ಯವೇನಿಲ್ಲ.

ಸಾಂಚೆಝ್ ಮುಂದೆ ಬೆಳೆಯಲಿಲ್ಲ, ಆದ್ದರಿಂದ ಅವರದು ಸುಲಭದ ಉದಾಹರಣೆ ಎಂದು ನೀವು ಹೇಳಬಹುದು. ಹಾಗಾದರೆ ನಿಜವಾಗಿಯೂ ದೊಡ್ಡವರಾದವರನ್ನೇ ತೆಗೆದುಕೊಳ್ಳೋಣ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ಬೆನ್ ರಾತ್ಲಿಸ್‌ಬರ್ಗರ್ 2006ರ ಫೆಬ್ರುವರಿಯಲ್ಲಿ, 23ನೆಯ ವಯಸ್ಸಿನಲ್ಲಿ, ಸೂಪರ್ ಬೌಲ್ ಗೆದ್ದ ಅತಿ ಕಿರಿಯ ಕ್ವಾರ್ಟರ್‌ಬ್ಯಾಕ್ ಆದರು. ಆ ದಿನ ಅವರು ಎಸೆದ 21 ಪಾಸ್‌ಗಳಲ್ಲಿ 9 ಮಾತ್ರ ಗುರಿ ಮುಟ್ಟಿದವು, ಎರಡು ಎದುರಾಳಿಯ ಪಾಲಾದವು. ಅವರ ಪಾಸರ್ ರೇಟಿಂಗ್ (ಎಸೆತಗಳ ಗುಣಮಟ್ಟ ಅಳೆಯುವ ಅಂಕೆ) 22.6, ಸೂಪರ್ ಬೌಲ್ ಗೆದ್ದ ಯಾವ ಕ್ವಾರ್ಟರ್‌ಬ್ಯಾಕ್‌ಗೂ ಇಷ್ಟು ಕಡಿಮೆ ಇರಲಿಲ್ಲ. ಸ್ಟೀಲರ್ಸ್‌ನ ಏಕೈಕ ಟಚ್‌ಡೌನ್ ಪಾಸನ್ನು ಎಸೆದವರು ಆಂಟ್ವಾನ್ ರಾಂಡಲ್ ಎಲ್ ಎಂಬ ರಿಸೀವರ್, ಅಂದರೆ ಪಾಸ್ ಹಿಡಿಯುವ ಆಟಗಾರ. ಆದರೆ ಇದರಿಂದ ರಾತ್ಲಿಸ್‌ಬರ್ಗರ್ ಹೊರೆಯಾಗಿದ್ದರು ಎಂದುಕೊಂಡರೆ ಅದೂ ತಪ್ಪು. ಅದೇ ಪ್ಲೇಆಫ್‌ನಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ, ಇನ್ನೇನು ಗೆದ್ದೆವು ಎನ್ನುವಾಗ, ಗೋಲ್ ಗೆರೆಯ ಬುಡದಲ್ಲಿ ಸ್ಟೀಲರ್ಸ್‌ನವರೇ ಆದ ಜೆರೋಮ್ ಬೆಟಿಸ್ ಅವರ ಕೈಯಿಂದ ಚೆಂಡು ಹಾರಿತು. ಕೋಲ್ಟ್ಸ್‌ನ ನಿಕ್ ಹಾರ್ಪರ್ ಅದನ್ನು ಎತ್ತಿಕೊಂಡು ಓಡಿದರು. ಅವರ ಮುಂದೆ ಬಯಲು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಹಿಂದೆ ಹಿಂದೆ ಸರಿಯುತ್ತ, ಬೀಳುತ್ತ, ಕೈ ಚಾಚಿ ಅವರ ಕಾಲು ಹಿಡಿದು ಕೆಡವಿದವರು ರಾತ್ಲಿಸ್‌ಬರ್ಗರ್. ಆಮೇಲೆ ಕೋಲ್ಟ್ಸ್‌ನ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದೆಯುವ ಚೆಂಡು) ಗುರಿ ತಪ್ಪಿ, ಸ್ಟೀಲರ್ಸ್ 21-18ರಿಂದ ಉಳಿದುಕೊಂಡಿತು. ಒಬ್ಬ ಕ್ವಾರ್ಟರ್‌ಬ್ಯಾಕ್ ಮಾಡಿದ ಅತಿ ಬೆಲೆಯ ಕೆಲಸ ಒಂದು ಟ್ಯಾಕಲ್! ಗೆಲುವಿನ ದಾಖಲೆ ಇದನ್ನೂ, ಆ ಸೂಪರ್ ಬೌಲ್‌ನ ಕಳಪೆ ಆಟವನ್ನೂ ಒಂದೇ ಅಂಕೆಯಾಗಿ ಎಣಿಸುತ್ತದೆ.

ಬ್ರೇಡಿ ಅವರ ಮೊದಲ ಪ್ರಶಸ್ತಿಯ ಕಥೆಯೂ ಭಿನ್ನವಲ್ಲ. 2001ರ ಋತುವಿನ ಎಎಫ್‌ಸಿ ಫೈನಲ್‌ನಲ್ಲಿ (ಸೂಪರ್ ಬೌಲ್‌ಗೆ ಮೊದಲಿನ ಸೆಮಿಫೈನಲ್ ಪಂದ್ಯ) ಅವರು ಗಾಯಗೊಂಡು ಹೊರನಡೆದರು. ಆ ದಿನ ಪೇಟ್ರಿಯಟ್ಸ್‌ನ ಏಕೈಕ ಟಚ್‌ಡೌನ್ ಪಾಸ್ ಎಸೆದವರು ಅವರ ಬದಲಿಗೆ ಇಳಿದ ಡ್ರೂ ಬ್ಲೆಡ್ಸೋ, ಉಳಿದ ಎರಡು ಟಚ್‌ಡೌನ್‌ಗಳು ಸ್ಪೆಷಲ್ ಟೀಮ್‌ನಿಂದ (ಚೆಂಡು ಒದೆಯುವ ಸಂದರ್ಭಗಳಲ್ಲಿ ಆಡುವ ಪಡೆ) ಬಂದವು.

ಇದರ ಇನ್ನೊಂದು ಮುಖ ಪ್ಯಾಟ್ರಿಕ್ ಮಹೋಮ್ಸ್. 2018ರಲ್ಲಿ ಮೊದಲ ಬಾರಿಗೆ ಪೂರ್ಣ ಋತು ಆಡಿ 50 ಟಚ್‌ಡೌನ್ ಪಾಸ್ ಎಸೆದು ಎಂವಿಪಿ (ಋತುವಿನ ಶ್ರೇಷ್ಠ ಆಟಗಾರ) ಆದ ಅವರು, ಎಎಫ್‌ಸಿ ಫೈನಲ್‌ನಲ್ಲಿ ಪೇಟ್ರಿಯಟ್ಸ್ ವಿರುದ್ಧ ವಿರಾಮದ ಹೊತ್ತಿಗೆ 0-14 ಹಿಂದಿದ್ದ ಚೀಫ್ಸ್ ತಂಡವನ್ನು ಕೊನೆಯ ಕ್ವಾರ್ಟರ್ ಒಂದರಲ್ಲೇ 24 ಅಂಕ ಗಳಿಸಿ ಸಮಕ್ಕೆ ತಂದರು. ಅದಕ್ಕೂ ಮೊದಲು ಚೀಫ್ಸ್ ಡಿಫೆನ್ಸ್ ಬ್ರೇಡಿ ಅವರ ಪಾಸನ್ನು ಕಸಿದು ಪಂದ್ಯವನ್ನು ಮುಗಿಸಿಯೇಬಿಟ್ಟಿತ್ತು. ಆದರೆ ಚೀಫ್ಸ್‌ನ ಡೀ ಫೋರ್ಡ್ ಗೆರೆ ದಾಟಿ ನಿಂತಿದ್ದರಿಂದ ಅದು ರದ್ದಾಯಿತು. ಹೆಚ್ಚುವರಿ ಅವಧಿಯ ಟಾಸ್ ಪೇಟ್ರಿಯಟ್ಸ್ ಪಾಲಾಯಿತು, ಬ್ರೇಡಿ ನೇರವಾಗಿ ಟಚ್‌ಡೌನ್‌ವರೆಗೆ ನಡೆಸಿದರು, ಅಂದಿನ ನಿಯಮದಂತೆ ಪಂದ್ಯ ಅಲ್ಲಿಗೇ ಮುಗಿಯಿತು. ಮಹೋಮ್ಸ್ ಚೆಂಡನ್ನು ಮುಟ್ಟಲೇ ಇಲ್ಲ. ಈ ಸೋಲಿನಿಂದ ಅವರ ಬಗ್ಗೆ ಯಾವ ಪಾಠ ಕಲಿಯಬೇಕು? ಚೀಫ್ಸ್ ಆಡಳಿತ ಕಲಿತ ಪಾಠ ಸರಿಯಾದದ್ದು. ಅವರು ಡಿಫೆನ್ಸ್‌ನ ಕೋಚ್ ಆಗಿ ಸ್ಟೀವ್ ಸ್ಪಾಗ್ನುವೊಲೊ ಅವರನ್ನು ಕರೆತಂದರು, ಟೈರನ್ ಮ್ಯಾಥ್ಯೂ ಮತ್ತು ಫ್ರಾಂಕ್ ಕ್ಲಾರ್ಕ್ ಅವರನ್ನು ಸೇರಿಸಿಕೊಂಡರು, ಮರುವರ್ಷವೇ ಚಾಂಪಿಯನ್ ಆದರು.

ಯುವ ಕ್ವಾರ್ಟರ್‌ಬ್ಯಾಕ್ ಇರುವ ತಂಡಗಳು ಹೀಗೆ ಬೇಕಾದವರನ್ನು ಕೊಳ್ಳಲು ಸಾಧ್ಯವಾಗುವುದು ಹೇಗೆ ಎಂಬುದನ್ನು ಈ ಚರ್ಚೆಯಲ್ಲಿ ಬಹಳ ಮಂದಿ ಮರೆಯುತ್ತಾರೆ. 2010ರ ಒಂದು ವರ್ಷ ಬಿಟ್ಟರೆ, ಪ್ರತಿ ತಂಡದ ಸಂಬಳದ ಒಟ್ಟು ಮೊತ್ತಕ್ಕೆ 1994ರಿಂದ ಮಿತಿ ಇದೆ. 2010ರಲ್ಲಿ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪದ್ಧತಿ) ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್‌ಗಳ ಒಪ್ಪಂದ ಸಿಕ್ಕಿತು. 2011ರಲ್ಲಿ ಹೊಸಬರ ಸಂಬಳಕ್ಕೂ ಕಟ್ಟುಪಾಡು ಬಂದ ಮೇಲೆ ಮೊದಲ ಆಯ್ಕೆಯಾದ ಕ್ಯಾಮ್ ನ್ಯೂಟನ್ ಅವರಿಗೆ ದೊರೆತದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಆ ವ್ಯತ್ಯಾಸದ ಹಣವೆಲ್ಲ ಬೇರೆ ಆಟಗಾರರಿಗೆ ಉಳಿಯುತ್ತದೆ. ಮೂರನೆಯ ಸುತ್ತಿನಲ್ಲಿ, 75ನೆಯವರಾಗಿ ಆಯ್ಕೆಯಾದ ರಸೆಲ್ ವಿಲ್ಸನ್ ಅವರಿಗೆ 2013ರಲ್ಲಿ ಸಿಯಾಟಲ್ ಸೀಹಾಕ್ಸ್ ಕೊಡುತ್ತಿದ್ದದ್ದು 10 ಲಕ್ಷ ಡಾಲರ್‌ಗಿಂತ ಕಡಿಮೆ, ತಂಡದ ಮಿತಿಯಾದರೋ 12.3 ಕೋಟಿ. ಆ ವರ್ಷ ಮೈಕಲ್ ಬೆನೆಟ್, ಕ್ಲಿಫ್ ಆವ್ರಿಲ್ ಇಬ್ಬರೂ ಸಿಯಾಟಲ್‌ಗೆ ಬಂದದ್ದು ಈ ಉಳಿತಾಯದ ಬಲದಿಂದ. ಋತುವಿನಲ್ಲಿ 55 ಟಚ್‌ಡೌನ್ ಪಾಸ್ ಎಸೆದಿದ್ದ ಮ್ಯಾನಿಂಗ್ ಅವರ ಡೆನ್ವರ್ ತಂಡವನ್ನು ಸೂಪರ್ ಬೌಲ್‌ನಲ್ಲಿ 43-8ರಿಂದ ಮಣಿಸಿದಾಗ, ಪಂದ್ಯಶ್ರೇಷ್ಠ ಪ್ರಶಸ್ತಿ ಡಿಫೆನ್ಸ್‌ನ ಲೈನ್‌ಬ್ಯಾಕರ್ ಮಾಲ್ಕಮ್ ಸ್ಮಿತ್ ಅವರಿಗೆ ಹೋಯಿತು. ವಿಲ್ಸನ್ ಚೆನ್ನಾಗಿಯೇ ಆಡಿದರು. ಆದರೆ ಆ ತಂಡಕ್ಕೆ ಅವರು ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಅವರ ಅಗ್ಗದ ಸಂಬಳವೂ ಒಂದು ಎಂದು ನಾನು ಗಂಭೀರವಾಗಿಯೇ ಹೇಳುತ್ತೇನೆ.

ಹಾಗಾದರೆ ಯುವ ಕ್ವಾರ್ಟರ್‌ಬ್ಯಾಕ್‌ನ ಪರೀಕ್ಷೆ ಪ್ಲೇಆಫ್‌ನಲ್ಲಿ ಆಗುವುದೇ ಇಲ್ಲವೇ? ಖಂಡಿತ ಆಗುತ್ತದೆ. ನನಗೆ ಅದು ಅತ್ಯಂತ ಸ್ಪಷ್ಟವಾಗಿ ಕಂಡದ್ದು 2019ರ ಜನವರಿ 6ರಂದು, ರೇವನ್ಸ್ ಮತ್ತು ಚಾರ್ಜರ್ಸ್ ಪಂದ್ಯದಲ್ಲಿ. ಲಮಾರ್ ಜಾಕ್ಸನ್ ಅವರಿಗೆ ಮರುದಿನ 22 ತುಂಬುವುದಿತ್ತು. ಪ್ಲೇಆಫ್ ಪಂದ್ಯ ಆರಂಭಿಸಿದ ಅತಿ ಕಿರಿಯ ಕ್ವಾರ್ಟರ್‌ಬ್ಯಾಕ್ ಅವರು. ಎರಡು ವಾರಗಳ ಹಿಂದಷ್ಟೇ ರೇವನ್ಸ್ ಇದೇ ಚಾರ್ಜರ್ಸ್ ತಂಡವನ್ನು ಅದರ ನೆಲದಲ್ಲಿ 22-10ರಿಂದ ಸೋಲಿಸಿತ್ತು. ಈ ಬಾರಿ ಚಾರ್ಜರ್ಸ್ ಬಹುತೇಕ ಪ್ರತಿ ಸ್ನ್ಯಾಪ್‌ಗೂ (ಚೆಂಡು ಆಟಕ್ಕೆ ಬರುವ ಪ್ರತಿ ಸಲವೂ) ಹಿಂಬದಿ ಕಾಯುವ ಏಳು ಮಂದಿ ಡಿಫೆನ್ಸಿವ್ ಬ್ಯಾಕ್‌ಗಳನ್ನು ಕಣಕ್ಕಿಳಿಸಿತು. ಭಾರಿ ಮೈಕಟ್ಟಿನ ಲೈನ್‌ಬ್ಯಾಕರ್‌ಗಳ ಜಾಗದಲ್ಲಿ ಹಗುರಾದ, ವೇಗದ ಸೇಫ್ಟಿಗಳು ನಿಂತರು. ಜಾಕ್ಸನ್ ಓಟಕ್ಕೆ ಸರಿಸಾಟಿಯಾಗಿ ಓಡಬಲ್ಲವರನ್ನೇ ಎದುರಿಗೆ ನಿಲ್ಲಿಸುವ ಲೆಕ್ಕಾಚಾರ ಅದು. ಜಾಕ್ಸನ್ ಏಳು ಬಾರಿ ಸ್ಯಾಕ್ ಆದರು (ಚೆಂಡು ಎಸೆಯುವ ಮೊದಲೇ ಎದುರಾಳಿ ಕೆಡವಿದರು), ಕೈಯಿಂದ ಚೆಂಡು ಪದೇಪದೇ ಜಾರಿತು, ನಾಲ್ಕನೆಯ ಕ್ವಾರ್ಟರ್‌ನಲ್ಲಿ ಸ್ಕೋರ್ 23-3 ಆಯಿತು, ನಮ್ಮದೇ ಕ್ರೀಡಾಂಗಣದಲ್ಲಿ ಜನ ಹಳೆಯ ಕ್ವಾರ್ಟರ್‌ಬ್ಯಾಕ್ ಜೋ ಫ್ಲಾಕೊ ಅವರನ್ನು ಇಳಿಸಿ ಎಂದು ಕೂಗಿದರು. ಕೋಚ್ ಜಾನ್ ಹಾರ್ಬಾ ಇಳಿಸಲಿಲ್ಲ. ಜಾಕ್ಸನ್ ಎರಡು ಟಚ್‌ಡೌನ್ ಪಾಸ್ ಎಸೆದು 23-17ಕ್ಕೆ ತಂದರು, ಕೊನೆಯ ಯತ್ನ ಮತ್ತೊಂದು ಸ್ಯಾಕ್‌ನಲ್ಲಿ ಮುಗಿಯಿತು. ನನ್ನ ಮಟ್ಟಿಗೆ ಪರೀಕ್ಷೆ ಎಂದರೆ ಇದು. ಎದುರಾಳಿ ನಿಮ್ಮ ಆಟವನ್ನು ಎರಡು ವಾರ ಕೂತು ಓದಿಕೊಂಡು ಬಂದಾಗ, ಗೊತ್ತಿದ್ದ ದಾರಿಗಳೆಲ್ಲ ಮುಚ್ಚಿದಾಗ, ಆಟಗಾರ ಅದೇ ಪಂದ್ಯದೊಳಗೆ ಬೇರೆ ದಾರಿ ಹುಡುಕುತ್ತಾನೋ ಇಲ್ಲವೋ ಎಂಬುದನ್ನು ನೋಡಬೇಕು. ಜಾಕ್ಸನ್ ಹುಡುಕಿದರು, ತಡವಾಗಿ ಹುಡುಕಿದರು. ಮರುವರ್ಷ ಎಂವಿಪಿ ಆದರು. ಆದರೂ ‘ಪ್ಲೇಆಫ್‌ನಲ್ಲಿ ಸೋಲುವವ’ ಎಂಬ ಹಣೆಪಟ್ಟಿ ಅಂದಿನಿಂದಲೇ ಅಂಟಿತು, ಮರುವರ್ಷ ಟೈಟನ್ಸ್ ಎದುರು 28-12ರಿಂದ ಸೋತಾಗ ಗಟ್ಟಿಯಾಯಿತು. ಆ ಸೋಲಿನಲ್ಲಿ ಅವರ ಪಾಲು ನಿಜವಾಗಿಯೂ ಇತ್ತು. ಆದರೆ ಮೊದಲ ಇಂಟರ್‌ಸೆಪ್ಷನ್ ರಿಸೀವರ್ ಕೈಗೆ ತಗುಲಿ ಚಿಮ್ಮಿದ ಚೆಂಡು, ಡೆರಿಕ್ ಹೆನ್ರಿ ಓಡಿದ 195 ಗಜಗಳನ್ನು ತಡೆಯುವ ಕೆಲಸವೂ ಅವರದಲ್ಲ.

ಈಗ ನೀವು ಹೆಸರಿಸಿದ ಇಬ್ಬರ ವಿಚಾರ. ಹೊಸಬ ಕ್ವಾರ್ಟರ್‌ಬ್ಯಾಕ್ ತನ್ನ ಮೊದಲ ವರ್ಷದಲ್ಲೇ ಸೂಪರ್ ಬೌಲ್ ಆರಂಭಿಸಿದ ಉದಾಹರಣೆ ಇದುವರೆಗೆ ಒಂದೂ ಇಲ್ಲ. ಶಾನ್ ಕಿಂಗ್, ರಾತ್ಲಿಸ್‌ಬರ್ಗರ್, ಫ್ಲಾಕೊ, ಸಾಂಚೆಝ್, ಬ್ರಾಕ್ ಪರ್ಡಿ, ಡೇನಿಯಲ್ಸ್ ಈ ಆರೂ ಮಂದಿ ಸೆಮಿಫೈನಲ್ ಹಂತಕ್ಕೆ ಬಂದು ಸೋತವರು. 2025ರ ಜನವರಿಯಲ್ಲಿ ಡೇನಿಯಲ್ಸ್ 15-2 ದಾಖಲೆಯ ಡೆಟ್ರಾಯಿಟ್ ತಂಡವನ್ನು ಅದರ ಊರಿನಲ್ಲಿ 45-31ರಿಂದ ಸೋಲಿಸಿದ್ದು ಅಪರೂಪದ ಸಾಧನೆ. ಡೆಟ್ರಾಯಿಟ್ ಐದು ಬಾರಿ ಚೆಂಡು ಕಳೆದುಕೊಂಡ ದಿನ ಅವರು ಒಮ್ಮೆಯೂ ಕಳೆದುಕೊಳ್ಳಲಿಲ್ಲ ಎಂಬುದೇ ಅವರ ನಿಜವಾದ ಪಾಲು. ಮುಂದಿನ ವಾರ ಈಗಲ್ಸ್ ಎದುರು 55-23ರ ಸೋಲು. ಈಗಲ್ಸ್‌ನ ಮೊದಲ ಸ್ನ್ಯಾಪ್‌ನಲ್ಲೇ ಸೇಕ್ವಾನ್ ಬಾರ್ಕ್ಲಿ 60 ಗಜ ಓಡಿ ಟಚ್‌ಡೌನ್ ಗಳಿಸಿದರು. ವಾಷಿಂಗ್ಟನ್ ಒಟ್ಟು ನಾಲ್ಕು ಬಾರಿ ಚೆಂಡು ಕಳೆದುಕೊಂಡಿತು, ಅದರಲ್ಲಿ ಡೇನಿಯಲ್ಸ್ ಎಸೆದ ಇಂಟರ್‌ಸೆಪ್ಷನ್ ಒಂದು ಮಾತ್ರ. 55 ಅಂಕ ಬಿಟ್ಟುಕೊಟ್ಟ ಪಂದ್ಯವನ್ನು ಅವರ ಹೆಸರಿನ ಸೋಲು ಎನ್ನುವುದು ನನಗೆ ಅನ್ಯಾಯವಾಗಿ ತೋರುತ್ತದೆ. ಸ್ಟ್ರೌಡ್ ಅವರ ಕಥೆಯೂ ಹಾಗೇ. 2024ರ ಜನವರಿಯಲ್ಲಿ ಬ್ರೌನ್ಸ್ ತಂಡವನ್ನು 45-14ರಿಂದ ಸೋಲಿಸಿದಾಗ ಅವರು ಎಸೆದ ಮೂರು ಟಚ್‌ಡೌನ್‌ಗಳಷ್ಟೇ ಅಲ್ಲ, ಟೆಕ್ಸನ್ಸ್ ಡಿಫೆನ್ಸ್ ಪಾಸ್ ಕಸಿದು ತಾನೇ ಗಳಿಸಿದ ಎರಡು ಟಚ್‌ಡೌನ್‌ಗಳೂ ಇದ್ದವು. ವಾರದ ನಂತರ ಬಾಲ್ಟಿಮೋರ್‌ನಲ್ಲಿ 34-10ರಿಂದ ಸೋತಾಗ, ಪ್ರೇಕ್ಷಕರ ಗದ್ದಲಕ್ಕೆ ಅವರ ಮುಂದಿನ ಸಾಲು ಮತ್ತೆ ಮತ್ತೆ ಫಾಲ್ಸ್ ಸ್ಟಾರ್ಟ್ (ಸ್ನ್ಯಾಪ್‌ಗೆ ಮೊದಲೇ ಅಲುಗುವ ತಪ್ಪು) ಮಾಡಿತು, ಆಫೆನ್ಸ್‌ಗೆ ಒಂದು ಟಚ್‌ಡೌನ್ ಕೂಡ ಸಿಗಲಿಲ್ಲ. ಇಲ್ಲಿ ಸ್ಟ್ರೌಡ್ ಅವರನ್ನು ಪ್ರಶ್ನಿಸಬಹುದು: ವಿರಾಮದ ಹೊತ್ತಿಗೆ 10-10 ಇದ್ದ ಪಂದ್ಯದ ಎರಡನೆಯ ಅರ್ಧದಲ್ಲಿ ಅವರ ಬಳಿ ಹೊಸ ಉತ್ತರವಿರಲಿಲ್ಲ. ಆದರೆ 22 ವರ್ಷದವರಿಂದ ಒಂದು ಪಂದ್ಯದಲ್ಲಿ ಸಿಗದ ಉತ್ತರ ಅವರ ಬಳಿ ಎಂದೂ ಇರುವುದಿಲ್ಲ ಎಂದು ಹೇಳುವ ಧೈರ್ಯ ನನಗಿಲ್ಲ.

ಆ ಧೈರ್ಯ ಇಲ್ಲದಿರುವುದಕ್ಕೆ ಕಾರಣ ನಮ್ಮ ಫ್ಲಾಕೊ. 2008ರ ಋತುವಿನ ಎಎಫ್‌ಸಿ ಫೈನಲ್‌ನಲ್ಲಿ ಹೊಸಬರಾಗಿ ಮೂರು ಇಂಟರ್‌ಸೆಪ್ಷನ್ ಎಸೆದು ಸೋತ ಅವರು, 2012ರ ಪ್ಲೇಆಫ್‌ನ ನಾಲ್ಕು ಪಂದ್ಯಗಳಲ್ಲಿ 11 ಟಚ್‌ಡೌನ್ ಪಾಸ್ ಎಸೆದು ಒಂದೂ ಇಂಟರ್‌ಸೆಪ್ಷನ್ ಕೊಡದೆ ಸೂಪರ್ ಬೌಲ್ ಗೆದ್ದರು. ಅದರ ಬೆನ್ನಿಗೇ ಆರು ವರ್ಷಕ್ಕೆ 12 ಕೋಟಿ ಡಾಲರ್‌ಗೂ ಮಿಗಿಲಾದ ಒಪ್ಪಂದ ಆಯಿತು, ಅದೇ ತಿಂಗಳು ಸಂಬಳದ ಮಿತಿಯ ಒತ್ತಡದಲ್ಲಿ ರೇವನ್ಸ್ ತನ್ನ ನೆಚ್ಚಿನ ರಿಸೀವರ್ ಆಂಕ್ವಾನ್ ಬೋಲ್ಡಿನ್ ಅವರನ್ನು ಆರನೆಯ ಸುತ್ತಿನ ಒಂದು ಆಯ್ಕೆಗೆ ಬಿಟ್ಟುಕೊಟ್ಟಿತು. ಬೋಲ್ಡಿನ್ ಹೊಸ ತಂಡದ ಮೊದಲ ಪಂದ್ಯದಲ್ಲೇ 208 ಗಜ ಗಳಿಸಿದರು. ಫ್ಲಾಕೊ ಆ ವರ್ಷ 22 ಇಂಟರ್‌ಸೆಪ್ಷನ್ ಎಸೆದರು, ತಂಡ 8-8ಕ್ಕೆ ನಿಂತು ಪ್ಲೇಆಫ್ ತಲುಪಲಿಲ್ಲ. ಒಂದೇ ವರ್ಷದಲ್ಲಿ ಫ್ಲಾಕೊ ಅಷ್ಟೊಂದು ಬದಲಾಗಿರಲಿಲ್ಲ, ಸುತ್ತಲಿನ ತಂಡ ಬದಲಾಗಿತ್ತು. ಡ್ರಾಫ್ಟ್‌ನಲ್ಲಿ ಬಂದ ಆಟಗಾರನಿಗೆ ಮೂರು ಋತು ಮುಗಿಯುವವರೆಗೆ ಹೊಸ ಒಪ್ಪಂದ ಕೊಡಲು ನಿಯಮವೇ ಬಿಡುವುದಿಲ್ಲ. ಆದ್ದರಿಂದ ಆ ಮೂರು ವರ್ಷಗಳ ಪ್ಲೇಆಫ್ ಸೋಲಿಗೆ ಉತ್ತರ ಕೇಳುವುದಿದ್ದರೆ, ಮಿಕ್ಕ ಹಣದಲ್ಲಿ ಎಂಥ ಮುಂದಿನ ಸಾಲನ್ನು, ಎಂಥ ಡಿಫೆನ್ಸನ್ನು ಕಟ್ಟಿದಿರಿ ಎಂದು ವಾಷಿಂಗ್ಟನ್ ಮತ್ತು ಹ್ಯೂಸ್ಟನ್ ಆಡಳಿತಗಳನ್ನು ಮೊದಲು ಕೇಳಿ, ಆಮೇಲೆ ಆ ಇಬ್ಬರು ಹುಡುಗರನ್ನು ಕೇಳಿ.