ಆಂಟೆನಾ ಕಿಟಕಿಯೊಳಗೋ, ಚಾವಣಿಯ ಮೇಲೋ?

ಸಣ್ಣ ಕಚೇರಿಗೆ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಹಾಕಿಸುವಾಗ ಆಂಟೆನಾವನ್ನು ಕಿಟಕಿಯ ಒಳಗೇ ಇರಿಸಿದರೆ ಸಾಲದೇ ಎಂದು ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಇಂಥ ಸಂಪರ್ಕಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವ 5 ಗಿಗಾಹರ್ಟ್ಸ್ ರೇಡಿಯೋ ಅಲೆಯ ಉದ್ದ ಸುಮಾರು 6 ಸೆಂಟಿಮೀಟರ್ ಮಾತ್ರ. ಗೋಡೆ, ಲೋಹದ ಲೇಪನವಿರುವ ಗಾಜು, ಮಳೆಯಲ್ಲಿ ತೊಯ್ದ ಎಲೆಗಳು ಅದನ್ನು ಬಹಳ ಕುಗ್ಗಿಸುತ್ತವೆ. ಸಂಪರ್ಕ ಕೊಡುವ ಕಂಪನಿಯ ಗೋಪುರ ಕಣ್ಣಿಗೆ ಕಂಡರಷ್ಟೇ ಸಾಲದು, ಅದಕ್ಕೂ ಆಂಟೆನಾಕ್ಕೂ ನಡುವಿನ ನೇರ ರೇಖೆಯ ಸುತ್ತಲೂ ಬಯಲಿರಬೇಕು: ದೂರ ಒಂದು ಕಿಲೋಮೀಟರ್ ಆದರೆ, ನಟ್ಟನಡುವೆ ಎರಡೂವರೆ ಮೀಟರ್‌ನಷ್ಟಾದರೂ. ಆದ್ದರಿಂದ ಚಾವಣಿಯೇ ಸರಿಯಾದ ಜಾಗ.

ಅಲ್ಲಿಂದ ಇಳಿಯುವ ಈಥರ್ನೆಟ್ ಕೇಬಲ್ಲೇ ಆಂಟೆನಾಕ್ಕೆ ವಿದ್ಯುತ್ತನ್ನೂ ಒಯ್ಯುವುದರಿಂದ, ಅದು 100 ಮೀಟರ್ ಮೀರದಂತೆ, ಬಿಸಿಲು ತಾಳುವ ಹೊರಾಂಗಣ ಕೇಬಲ್ಲೇ ಆಗಿರುವಂತೆ ನೋಡಿಕೊಳ್ಳಿ. ಗೋಡೆಯ ರಂಧ್ರಕ್ಕೆ ಹೊಗುವ ಮುನ್ನ ಕೇಬಲ್ಲನ್ನು ಒಂದು ಗೇಣು ಕೆಳಕ್ಕೆ ಜೋಲಿಸಿ ಮೇಲೆತ್ತಿಸಿ, ಹನಿಗಳು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗಲಿ. ನಮ್ಮಲ್ಲಿ ಇದನ್ನು ಬಿಟ್ಟಿದ್ದರಿಂದ ಮೊದಲ ಮಳೆಗೇ ನೀರು ಕೇಬಲ್ ಗುಂಟ ಒಳಬಂದು ಅಡಾಪ್ಟರ್ ಸುಟ್ಟುಹೋಯಿತು. ಸಿಡಿಲಿನ ದೃಷ್ಟಿಯಿಂದ ಆಂಟೆನಾ ನಿಂತಿರುವ ಕಂಬಕ್ಕೆ ಅರ್ತಿಂಗ್ (ನೆಲಕ್ಕೆ ತಂತಿಯ ಜೋಡಣೆ) ಕಡ್ಡಾಯವಾಗಿ ಮಾಡಿಸಿ.

ಅಳವಡಿಸಿದವರು ಹೊರಡುವ ಮೊದಲು ಲ್ಯಾಪ್‌ಟಾಪನ್ನು ವೈಫೈ ಬದಲು ಕೇಬಲ್ಲಿಗೇ ಜೋಡಿಸಿ ವೇಗವನ್ನು ಪರೀಕ್ಷಿಸಿ. ಮುಂದೆ ವೇಗ ತಗ್ಗಿದಾಗ ಮತ್ತೆ ಹಾಗೆಯೇ ಪರೀಕ್ಷಿಸಿ ಇದರೊಡನೆ ಹೋಲಿಸಿದರೆ, ದೋಷ ಆಂಟೆನಾದ್ದೋ, ಒಳಗಿನ ರೌಟರ್‌ನದ್ದೋ ಎಂಬುದನ್ನು ಬೇಗ ಗುರುತಿಸಬಹುದು.