ಐಲೆಟ್ ಕೋಶಗಳ ಕಸಿ ಯಾರಿಗೆ? ಮುಚ್ಚಿಟ್ಟ ‘ಲೋ’ಗಳ ಒಂದು ಪ್ರಕರಣ

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ನಾನು ವಿಡಿಯೊ ಕರೆಯ ಮೂಲಕ ಆಪ್ತಸಲಹೆ ನೀಡುತ್ತೇನೆ. ಈ ಪ್ರಕರಣದ ದಂಪತಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ಬರೆದಿದ್ದೇನೆ.

ಮೂವತ್ತೊಂದು ವರ್ಷದ ಈ ಮಹಿಳೆ ಮಲೆನಾಡಿನವರು. ಮದುವೆಯಾದ ಮೇಲೆ ಉತ್ತರ ಇಂಗ್ಲೆಂಡಿನಲ್ಲಿದ್ದಾರೆ. ಹನ್ನೊಂದನೆಯ ವಯಸ್ಸಿನಿಂದ ಟೈಪ್ 1 ಮಧುಮೇಹವಿದೆ, ಅಂದರೆ ಇನ್ಸುಲಿನ್ನನ್ನು ಹೊರಗಿನಿಂದಲೇ ಪಡೆಯಬೇಕು. ಮೊದಲ ಕರೆಯಲ್ಲಿ ಹೆಚ್ಚು ಮಾತನಾಡಿದವರು ಅವರ ಪತಿ. “ಮೇಡಂ, ಐಲೆಟ್ ಕಸಿ ಮಾಡಿಸಿದರೆ ಇವಳಿಗೆ ದಿನಕ್ಕೆ ಐದು ಸಲ ಚುಚ್ಚಿಕೊಳ್ಳುವ ಕಾಟ ತಪ್ಪುತ್ತದಂತೆ. ಕ್ಲಿನಿಕ್ಕಿನಲ್ಲಿ ಕೇಳಿದರೆ ನಿಮಗೆ ಅರ್ಹತೆಯಿಲ್ಲ ಎಂದುಬಿಟ್ಟರು,” ಎಂದು ಅವರು ನೊಂದುಕೊಂಡರು. ಪತ್ನಿ ತಲೆ ತಗ್ಗಿಸಿ ಕುಳಿತಿದ್ದರು. ಆ ಮೌನದಲ್ಲಿ ನಿರಾಸೆಗಿಂತ ಅಂಜಿಕೆಯೇ ಹೆಚ್ಚಿದೆ ಎಂದು ನನಗೆ ಅನ್ನಿಸಿತು.

ಮೊದಲು ಚಿಕಿತ್ಸೆಯನ್ನೇ ವಿವರಿಸಿದೆ. ಮೃತ ದಾನಿಯ ಮೇದೋಜ್ಜೀರಕ ಗ್ರಂಥಿಯಿಂದ ಇನ್ಸುಲಿನ್ ತಯಾರಿಸುವ ಐಲೆಟ್‌ಗಳನ್ನು ಬೇರ್ಪಡಿಸಿ, ಸಣ್ಣ ಕೊಳವೆಯ ಮೂಲಕ ಯಕೃತ್ತಿಗೆ ರಕ್ತ ಒಯ್ಯುವ ಪೋರ್ಟಲ್ ರಕ್ತನಾಳದೊಳಗೆ ಹರಿಸುತ್ತಾರೆ. ಅವು ಯಕೃತ್ತಿನಲ್ಲಿ ನೆಲೆಯೂರಿ ಕೆಲಸ ಮಾಡಬೇಕು. ಕೆನಡಾದ ಎಡ್ಮಂಟನ್ ನಗರದ ವೈದ್ಯರು 2000ದಲ್ಲಿ ಏಳು ರೋಗಿಗಳನ್ನು ಈ ವಿಧಾನದಿಂದ ಇನ್ಸುಲಿನ್ ಇಲ್ಲದೆ ಇರಿಸಿದ ಮೇಲೆ ಇದು ಜಗತ್ತಿನ ಗಮನ ಸೆಳೆಯಿತು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಲ್ಲಿ 2008ರಿಂದ ಲಭ್ಯವಿದೆ. ಅಮೆರಿಕದಲ್ಲಿ 2023ರ ಜೂನ್‌ನಲ್ಲಿ ಲ್ಯಾಂಟಿಡ್ರಾ ಎಂಬ ಹೆಸರಿನಲ್ಲಿ ಅನುಮತಿ ದೊರೆಯಿತು. ಆ ಅನುಮತಿಗೆ ಆಧಾರವಾದ 30 ಜನರಲ್ಲಿ 21 ಜನ ಒಂದು ವರ್ಷ ಅಥವಾ ಹೆಚ್ಚು ಕಾಲ ಇನ್ಸುಲಿನ್ ಇಲ್ಲದೆ ಇದ್ದರೆ, ಐವರಿಗೆ ಒಂದು ದಿನವೂ ಇನ್ಸುಲಿನ್ ತಪ್ಪಲಿಲ್ಲ. ಎರಡನೆಯ ಸಲ ಐಲೆಟ್ ಹಾಕಿಸಿಕೊಳ್ಳಬೇಕಾಗುವುದೂ ಸಾಮಾನ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಕಸಿಯಾದ ಕೋಶಗಳು ಬದುಕಿರುವಷ್ಟು ಕಾಲ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮಾತ್ರೆಗಳನ್ನು ನುಂಗಲೇಬೇಕು. ಅವುಗಳಿಂದ ಸೋಂಕು, ಕೆಲವು ಬಗೆಯ ಕ್ಯಾನ್ಸರ್ ಮತ್ತು ಮೂತ್ರಪಿಂಡದ ಹಾನಿಯ ಸಾಧ್ಯತೆ ಹೆಚ್ಚುತ್ತದೆ. ಚುಚ್ಚಿಕೊಳ್ಳುವ ಬೇಸರವನ್ನು ತಪ್ಪಿಸಲೆಂದು ಇಷ್ಟು ದೊಡ್ಡ ಅಪಾಯವನ್ನು ಯಾವ ವೈದ್ಯರೂ ರೋಗಿಯ ಮೇಲೆ ಹೊರಿಸುವುದಿಲ್ಲ ಮತ್ತು ಹೊರಿಸಬಾರದು ಎಂಬುದೇ ನನ್ನ ಅಭಿಪ್ರಾಯ ಕೂಡ.

ಹಾಗಾದರೆ ಯಾರಿಗೆ? ಸಕ್ಕರೆ ಅಪಾಯಕರವಾಗಿ ಇಳಿಯುವಾಗ ನಡುಕ, ಬೆವರು, ಎದೆಬಡಿತಗಳ ಮುನ್ಸೂಚನೆಯನ್ನೇ ಕಳೆದುಕೊಂಡವರಿಗೆ. ಬ್ರಿಟನ್ನಿನ ಮಾನದಂಡದಲ್ಲಿ, ಉತ್ತಮ ಚಿಕಿತ್ಸೆಯ ನಂತರವೂ ಈ ಮುನ್ಸೂಚನೆ ಕುಂದಿದ್ದು, ಕಳೆದ ಎರಡು ವರ್ಷಗಳಲ್ಲಿ ತೀವ್ರವಾದ ‘ಲೋ’ (ರಕ್ತದ ಸಕ್ಕರೆ ಮಿತಿಮೀರಿ ಇಳಿಯುವುದು) ಎರಡು ಬಾರಿಯಾದರೂ ಆಗಿರಬೇಕು. ಈಗಾಗಲೇ ಮೂತ್ರಪಿಂಡದ ಕಸಿಯಾಗಿ, ಸಕ್ಕರೆ ಹತೋಟಿಗೆ ಬಾರದವರನ್ನೂ ಪರಿಗಣಿಸುತ್ತಾರೆ. ಅವರು ಆ ಮಾತ್ರೆಗಳನ್ನು ಹೇಗೂ ನುಂಗುತ್ತಿರುತ್ತಾರೆ. ತೂಕ 85 ಕಿಲೋ ದಾಟಿದವರು, 70 ಕಿಲೋ ತೂಕಕ್ಕೆ ದಿನಕ್ಕೆ 50 ಯೂನಿಟ್‌ಗಿಂತ ಹೆಚ್ಚು ಇನ್ಸುಲಿನ್ ಬೇಕಾಗುವವರು, ಮೂತ್ರಪಿಂಡ ದುರ್ಬಲವಾಗಿರುವವರು ಸಾಮಾನ್ಯವಾಗಿ ಹೊರಗುಳಿಯುತ್ತಾರೆ.

“ತೀವ್ರ ಎಂದರೆ ಆಸ್ಪತ್ರೆಗೆ ಸೇರಿಸುವಂಥದ್ದೇ?” ಎಂದು ಆಕೆ ಮೊದಲ ಬಾರಿಗೆ ಬಾಯಿ ತೆರೆದರು. ಅಲ್ಲ ಎಂದೆ. ತಾನೇ ಚೇತರಿಸಿಕೊಳ್ಳಲಾಗದೆ ಇನ್ನೊಬ್ಬರ ನೆರವು ಬೇಕಾದರೆ ಅದೇ ತೀವ್ರ. ಅಡುಗೆಮನೆಯಲ್ಲಿ ಕುಸಿದವರನ್ನು ಎತ್ತಿ ಕೂರಿಸಿ ಸಕ್ಕರೆ ನೀರು ಕುಡಿಸಿದ್ದೂ ಲೆಕ್ಕಕ್ಕೆ ಬರುತ್ತದೆ. ಗಂಡ ಹೆಂಡತಿ ಪರಸ್ಪರ ಮುಖ ನೋಡಿಕೊಂಡರು. ಒಂದೂವರೆ ವರ್ಷದಲ್ಲಿ ಅಂಥವು ನಾಲ್ಕಾಗಿದ್ದವು. ಎರಡು ನಿದ್ದೆಯಲ್ಲಿ, ಎರಡು ಎಚ್ಚರವಿದ್ದಾಗ. ಕ್ಲಿನಿಕ್ಕಿನ ಕಡತದಲ್ಲಿ ಮಾತ್ರ ಒಂದೂ ಇರಲಿಲ್ಲ. ಭೇಟಿಗೆ ಹದಿನೈದು ದಿನ ಮೊದಲು ಸಕ್ಕರೆ ಸ್ವಲ್ಪ ಮೇಲೇ ಇರುವಂತೆ ಉಂಡು, ಸಕ್ಕರೆಯನ್ನು ಸತತವಾಗಿ ಅಳೆಯುವ ಸೆನ್ಸರನ್ನು ಆ ದಿನಗಳಲ್ಲಷ್ಟೇ ಧರಿಸಿ ಹೋಗುತ್ತಿದ್ದರು. ಕಾರಣವನ್ನು ಎರಡನೆಯ ಕರೆಯಲ್ಲಿ ಅಳುತ್ತಾ ಹೇಳಿದರು: ಚಾಲನಾ ಪರವಾನಗಿ ಹೋದರೆ ಕೆಲಸಕ್ಕೆ ಹೋಗುವಂತಿಲ್ಲ, ಊರಿನಲ್ಲಿ ಅತ್ತೆಗೆ ತಿಳಿದರೆ “ಇಂಥವಳಿಗೆ ಮಗು ಹೇಗೆ” ಎಂಬ ಮಾತು ಬರುತ್ತದೆ.

ಅಂದರೆ ಅನರ್ಹರು ಎಂಬ ತೀರ್ಮಾನವು ಅವರೇ ತಿದ್ದಿ ಒಪ್ಪಿಸಿದ ಕಥೆಯನ್ನು ಆಧರಿಸಿತ್ತು. ನಾನು ಅವರನ್ನು ಬೈಯಲಿಲ್ಲ. ಇಪ್ಪತ್ತು ವರ್ಷ ಪ್ರತಿ ಅಂಕಿಗೂ ಯಾರಿಗಾದರೂ ಉತ್ತರ ಕೊಡುತ್ತಾ ಬಂದವರು ಒಳ್ಳೆಯ ಅಂಕಿಗಳನ್ನಷ್ಟೇ ತೋರಿಸಲು ಕಲಿಯುವುದು ಸಹಜ. ಆದರೆ ಪರವಾನಗಿಯ ವಿಷಯದಲ್ಲಿ ಸಡಿಲ ಮಾತು ಆಡಲಿಲ್ಲ. ಬ್ರಿಟನ್ನಿನ ಕಾನೂನಿನಂತೆ ಹನ್ನೆರಡು ತಿಂಗಳಲ್ಲಿ ಎಚ್ಚರವಿದ್ದಾಗ ಒಂದಕ್ಕಿಂತ ಹೆಚ್ಚು ತೀವ್ರ ‘ಲೋ’ ಆದವರು ವಾಹನ ಓಡಿಸುವುದನ್ನು ನಿಲ್ಲಿಸಿ ಇಲಾಖೆಗೆ ತಿಳಿಸಬೇಕು. ಅಂದಿನಿಂದಲೇ ಕಾರಿನ ಕೀಲಿಯನ್ನು ಪತಿಯ ಕೈಗೆ ಕೊಡಬೇಕೆಂದು ಕೇಳಿಕೊಂಡೆ. ಪತಿಗೂ ಒಂದು ಮಾತು ಹೇಳಿದೆ: ಪ್ರಜ್ಞೆ ಇಲ್ಲದವರ ಬಾಯಿಗೆ ಸಕ್ಕರೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು, ಮನೆಯಲ್ಲಿ ಸಕ್ಕರೆ ಏರಿಸುವ ಗ್ಲುಕಗಾನ್ ಇಂಜೆಕ್ಷನ್ ಇಟ್ಟುಕೊಂಡು, ಅದನ್ನು ಕೊಡುವುದನ್ನು ನರ್ಸ್ ಬಳಿ ಕಲಿಯಿರಿ, ಆಂಬುಲೆನ್ಸ್ ಕರೆಯಲು ಹಿಂಜರಿಯಬೇಡಿ.

ನಾಲ್ಕು ಪ್ರಸಂಗಗಳನ್ನೂ ದಿನಾಂಕ, ಹೊತ್ತು, ನೆರವಾದವರ ಸಹಿತ ಬರೆದು ಮಧುಮೇಹ ತಂಡಕ್ಕೆ ಒಪ್ಪಿಸಲು ಸಲಹೆ ನೀಡಿದೆ. ಹಾಗೆ ಬರೆದುಕೊಟ್ಟರೆ ಕಸಿ ಸಿಕ್ಕಿಬಿಡುತ್ತದೆ ಎಂಬ ಆಸೆ ಹುಟ್ಟಿಸಲಿಲ್ಲ. ಮತ್ತೆ ಮತ್ತೆ ಸಕ್ಕರೆ ಇಳಿದಾಗ ದೇಹದ ಎಚ್ಚರಿಕೆಯ ಪ್ರತಿಕ್ರಿಯೆ ಮಂಕಾಗುತ್ತದೆ. ಕೆಲವು ವಾರಗಳಿಂದ ತಿಂಗಳುಗಳವರೆಗೆ ‘ಲೋ’ ಆಗದಂತೆ ಕಟ್ಟುನಿಟ್ಟಾಗಿ ನೋಡಿಕೊಂಡರೆ ಅನೇಕರಲ್ಲಿ ಅದು ಮರಳುತ್ತದೆ. ಆದ್ದರಿಂದ ತರಬೇತಿ, ಸೆನ್ಸರ್, ಇನ್ಸುಲಿನ್ ಪಂಪ್ ಎಲ್ಲವನ್ನೂ ಪ್ರಾಮಾಣಿಕವಾಗಿ ಬಳಸಿಯೂ ಅಪಾಯ ಉಳಿದವರಿಗಷ್ಟೇ ಕಸಿಯ ಮಾತು.

ಮಗುವಿನ ಆಸೆಯ ಬಗ್ಗೆಯೂ ಬಿಡಿಸಿ ಮಾತನಾಡಬೇಕಾಯಿತು. ಕಸಿಯ ನಂತರ ಕೊಡುವ ಮೈಕೋಫಿನೊಲೇಟ್‌ನಂಥ ಔಷಧ ಭ್ರೂಣಕ್ಕೆ ಹಾನಿ ಮಾಡುತ್ತದೆ. ಗರ್ಭ ಧರಿಸುವ ಯೋಜನೆಯಿರುವವರಿಗೆ ಆ ಕಾಲದಲ್ಲಿ ಈ ಕಸಿ ಮಾಡುವುದಿಲ್ಲ. ಇನ್ನೊಂದೆಡೆ, ಸೆನ್ಸರ್ ಮತ್ತು ಪಂಪ್ ತಾವೇ ಮಾತಾಡಿಕೊಂಡು ಇನ್ಸುಲಿನ್ ಹೊಂದಿಸುವ ಹೈಬ್ರಿಡ್ ಕ್ಲೋಸ್ಡ್ ಲೂಪ್ ವ್ಯವಸ್ಥೆಯನ್ನು ಯಾವ ಚಿಕಿತ್ಸೆ ಸರ್ಕಾರಿ ಸೇವೆಯಲ್ಲಿ ಸಿಗಬೇಕೆಂದು ಸೂಚಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ಶಿಫಾರಸು ಮಾಡಿದೆ. ತೀವ್ರ ‘ಲೋ’ಗಳಿಂದ ಬಳಲುವವರೂ ಗರ್ಭ ಧರಿಸಲು ಯೋಜಿಸುತ್ತಿರುವವರೂ ಅದರಲ್ಲಿ ಸೇರಿದ್ದಾರೆ. ಎರಡೂ ಕಾರಣಗಳಿಂದ ಅವರು ಅದನ್ನು ಕೇಳಬಹುದಿತ್ತು. ಗರ್ಭ ಧರಿಸುವ ಮೊದಲೇ ಆರಂಭಿಸಬೇಕಾದ 5 ಮಿಲಿಗ್ರಾಂ ಫೋಲಿಕ್ ಆಮ್ಲದ ಬಗ್ಗೆಯೂ ವೈದ್ಯರನ್ನು ಕೇಳಲು ಹೇಳಿದೆ.

ಮೂರನೆಯ ಕರೆಯಲ್ಲಿ ಊರಿನಿಂದ ಅವರ ತಾಯಿಯೂ ಸೇರಿಕೊಂಡರು. “ನನ್ನದನ್ನೇ ತೆಗೆದು ಕೊಡಿಸಿ, ನನಗಿನ್ನೇನಾಗಬೇಕು ಮೇಡಂ,” ಎಂದರು. ಜಪಾನಿನ ಕ್ಯೋಟೋದಲ್ಲಿ 2005ರಲ್ಲಿ ತಾಯಿಯೊಬ್ಬರು ಮಗಳಿಗೆ ಹಾಗೆ ಕೊಟ್ಟದ್ದುಂಟು, ಆದರೆ ಅದು ವಾಡಿಕೆಯ ದಾರಿಯಾಗಿಲ್ಲ, ಗ್ರಂಥಿಯ ಅರ್ಧ ಕೊಟ್ಟ ತಾಯಿಗೇ ಸಕ್ಕರೆ ಕಾಯಿಲೆ ಬರಬಹುದು ಎಂದು ಮೆಲ್ಲಗೆ ತಿಳಿಸಿದೆ. ಹಣ ಕಟ್ಟಿದರೆ ಸ್ಟೆಮ್ ಸೆಲ್ ಇಂಜೆಕ್ಷನ್ನಿನಿಂದ ಗುಣಪಡಿಸುತ್ತೇವೆಂಬ ಜಾಹೀರಾತೊಂದನ್ನೂ ಅವರು ಕತ್ತರಿಸಿ ಇಟ್ಟುಕೊಂಡಿದ್ದರು. ಭಾರತದಲ್ಲಿ ಮಧುಮೇಹಕ್ಕೆ ಅಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಸಂಶೋಧನೆಯ ಹೊರಗೆ ಮಾರುವಂತಿಲ್ಲ, ಸಂಶೋಧನೆಯಲ್ಲಿ ಭಾಗವಹಿಸುವವರಿಂದ ಚಿಕಿತ್ಸೆಗೆ ದುಡ್ಡು ಕೇಳುವುದೂ ಸಲ್ಲದು, ಒಂದು ರೂಪಾಯಿಯನ್ನೂ ಕಟ್ಟಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಐದು ತಿಂಗಳು ಕಳೆದಿವೆ. ಕಡತ ತಿದ್ದಿದೆ, ಪರವಾನಗಿ ಸದ್ಯಕ್ಕೆ ಹಿಂದಿರುಗಿಸಿದ್ದಾರೆ, ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಪಂಪ್ ಬಂದಿದೆ. ‘ಲೋ’ ಆಗುವಾಗಿನ ಅರಿವನ್ನು ಅಳೆಯುವ, ಏಳರವರೆಗಿನ ಗೋಲ್ಡ್ ಮಾಪನದಲ್ಲಿ (ಅಂಕ ಹೆಚ್ಚಿದಷ್ಟೂ ಅರಿವು ಕಡಿಮೆ) ಆರು ಇದ್ದದ್ದು ನಾಲ್ಕಕ್ಕೆ ಇಳಿದಿದೆ. ನಾಲ್ಕು ಎಂದರೆ ಇನ್ನೂ ಕುಂದಿರುವ ಸ್ಥಿತಿಯೇ. ಕಸಿಯ ವಿಷಯವನ್ನು ವೈದ್ಯರು ಹೆರಿಗೆಯಾದ ನಂತರದ ಚರ್ಚೆಗೆ ಇಟ್ಟಿದ್ದಾರೆ. ಕಳೆದ ವಾರ ಆಕೆಯೇ ಕರೆ ಮಾಡಿ, ಬಸ್ಸಿನಲ್ಲಿ ಬೆರಳು ನಡುಗಿತೆಂದೂ, ನೋಡಿದರೆ ಸಕ್ಕರೆ ಬ್ರಿಟನ್ನಿನ ಅಳತೆಯಲ್ಲಿ 3.4 (ನಮ್ಮ ಅಳತೆಯಲ್ಲಿ ಸುಮಾರು 61) ಇತ್ತೆಂದೂ, ಹಿಂದೆ ಅಷ್ಟು ಇಳಿದರೆ ತಮಗೆ ಏನೂ ತಿಳಿಯುತ್ತಿರಲಿಲ್ಲವೆಂದೂ ಹೇಳಿದರು.