ತುರ್ತು ವಿಭಾಗದ ಒಂದು ವರ್ಷದ ದಾಖಲೆ ಇಟ್ಟುಕೊಂಡು ಹಾವು ಕಡಿತದ ಸಂಶೋಧನೆ ಮಾಡಬಹುದೇ?

ಮೈಸೂರಿನಲ್ಲಿ ಸಾರ್ವಜನಿಕ ಆರೋಗ್ಯ ಓದುತ್ತಿದ್ದೀರಿ. ಹಾವು ಕಚ್ಚಿದವರಿಗೆ ಆಸ್ಪತ್ರೆ ಮುಟ್ಟಿದ ಮೇಲೆ ಎಷ್ಟು ಹೊತ್ತಿಗೆ ಔಷಧಿ ಸಿಗುತ್ತದೆ ಎಂದು ನೋಡಬೇಕು. ದಾಖಲೆಯೆಲ್ಲ ಕಂಪ್ಯೂಟರ್‌ನಲ್ಲೇ ಇರುವಾಗ ಆರು ತಿಂಗಳಲ್ಲಿ ಪ್ರಬಂಧ ಮುಗಿಯುವುದಿಲ್ಲವೇ ಎಂದು ಕೇಳಿದ್ದೀರಿ.

ಮಾಡಬಹುದು, ಖಂಡಿತ ಮಾಡಿ. ಕರ್ನಾಟಕದಲ್ಲಿ 2024ರ ಫೆಬ್ರುವರಿಯಿಂದ ಹಾವು ಕಡಿತ ಅಧಿಸೂಚಿತ ರೋಗ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಅದರಿಂದ ಎಷ್ಟು ಜನ ಬಂದರು ಅನ್ನೋದು ತಿಳಿಯುತ್ತದೆ. ಬಂದವರಿಗೆ ಎಷ್ಟು ಬೇಗ ಏನಾಯಿತು ಅನ್ನೋದಕ್ಕೆ ಆಸ್ಪತ್ರೆಯ ಕಾಗದವನ್ನೇ ಕೆದಕಬೇಕು. ಮೈಸೂರು, ಮಂಡ್ಯ ಕಡೆಯ ಆಸ್ಪತ್ರೆಗಳಲ್ಲಿ ಇಂಥ ಮಾಹಿತಿ ಕಲೆಹಾಕುವ ಕೆಲಸ ಮಾಡಿದ್ದೇನೆ. ಮೊದಲೇ ತಿಳಿದಿರಲಿ: ಅತಿ ಗಂಭೀರವಾಗಿದ್ದ ರೋಗಿಯ ದಾಖಲೆಯೇ ಅತಿ ಅಪೂರ್ಣವಾಗಿರುತ್ತದೆ.

ಹೇಗೆ ಅಂದರೆ, ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದ ರೈತನಿಗೆ ಕೊಳಕುಮಂಡಲ ಕಚ್ಚಿದೆ ಎನ್ನಿ. ನಡೆದುಕೊಂಡು ಬರುವ ಸ್ಥಿತಿಯಲ್ಲಿದ್ದರೆ ಮನೆಯವರು ಮೊದಲು ಕೌಂಟರ್‌ನಲ್ಲಿ ಚೀಟಿ ಮಾಡಿಸುತ್ತಾರೆ, ಬಂದ ಸಮಯ ಸರಿಯಾಗಿ ದಾಖಲಾಗುತ್ತದೆ. ಒಸಡಿನಲ್ಲಿ ರಕ್ತ ಬಂದು ಬಿಪಿ ಕುಸಿದಿದ್ದರೆ ಸ್ಟ್ರೆಚರ್ ನೇರ ಒಳಕ್ಕೆ ಹೋಗುತ್ತದೆ, ಚೀಟಿ ಆಮೇಲೆ. ಆಗ ಕಂಪ್ಯೂಟರ್‌ನಲ್ಲಿ ನೋಂದಣಿ 10:40 ಎಂದಿರುತ್ತದೆ, ನರ್ಸ್ ಬರೆದ ಹಾಳೆಯಲ್ಲಿ ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಔಷಧಿ, ಶುರುವಾದದ್ದು 10:15 ಎಂದಿರುತ್ತದೆ. ಕಳೆದರೆ ಮೈನಸ್ 25 ನಿಮಿಷ. ಹೆಚ್ಚಿನವರು ಇದನ್ನು ತಪ್ಪು ಎಂದು ಅಳಿಸಿಬಿಡುತ್ತಾರೆ. ಹಾಗೆ ಅಳಿಸಿದರೆ ಬಲು ಕಷ್ಟದಲ್ಲಿದ್ದವರು, ಎಲ್ಲರಿಗಿಂತ ಬೇಗ ಚಿಕಿತ್ಸೆ ಪಡೆದವರು ನಿಮ್ಮ ಲೆಕ್ಕದಿಂದಲೇ ಹೊರಬೀಳುತ್ತಾರೆ. ಆಸ್ಪತ್ರೆ ಇರುವುದಕ್ಕಿಂತ ನಿಧಾನ ಎಂದು ಫಲಿತಾಂಶ ಬರುತ್ತದೆ. ದಯವಿಟ್ಟು ಅಳಿಸಬೇಡಿ, ಬೇರೆ ಗುಂಪಾಗಿ ಇಟ್ಟು ವಿವರ ಬರೆಯಿರಿ.

ಇದನ್ನು ಓದಿ ಸಿಬ್ಬಂದಿಯದು ಅಸಡ್ಡೆ ಅಂದುಕೊಳ್ಳಬಾರದು. ರಕ್ತನಾಳ ಸಿಗದ ರೋಗಿಯ ಮುಂದೆ ನಿಂತ ನರ್ಸ್ ಪೆನ್ನು ಹಿಡಿಯದೆ ಇರುವುದೇ ಸರಿ. ಪಾಳಿ ಮುಗಿಯುವಾಗ ನೆನಪಿನಿಂದ ಬರೆದ ಸಮಯಗಳು 10:00, 10:30 ಎಂದು ದುಂಡಗಿರುವುದು ಅದಕ್ಕೇ.

ಎಲ್ಲಾ ಕಂಪ್ಯೂಟರ್‌ನಲ್ಲಿದೆ ಅನ್ನೋದೂ ಅರ್ಧ ನಿಜ. ಹೆಸರು, ವಯಸ್ಸು, ಊರು ಇರುತ್ತದೆ. ಗಾಜಿನ ನಳಿಕೆಯಲ್ಲಿ ರಕ್ತ ಇಟ್ಟು ಹೆಪ್ಪುಗಟ್ಟುತ್ತದೆಯೇ ಎಂದು 20 ನಿಮಿಷ ಕಾದು ನೋಡುವ ಪರೀಕ್ಷೆಯ ಫಲ ಕೇಸ್ ಶೀಟ್‌ನಲ್ಲಿ, ಎಎಸ್‌ವಿ ಎಷ್ಟು ವಯಲ್ (ಸೀಸೆ) ಹೋಯಿತು ಅನ್ನೋದು ಔಷಧಿ ಪುಸ್ತಕದಲ್ಲಿ, ಪೊಲೀಸರಿಗೆ ತಿಳಿಸಿದ್ದು ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ವೈದ್ಯಕೀಯ ಪ್ರಕರಣಗಳ) ರಿಜಿಸ್ಟರ್‌ನಲ್ಲಿ. ತುರ್ತು ವಿಭಾಗದ ನಂಬರ್ ಒಂದು, ವಾರ್ಡಿಗೆ ದಾಖಲಾದ ಮೇಲಿನ ನಂಬರ್ ಇನ್ನೊಂದು. ಹೆಸರಿನಿಂದ ಹೊಂದಿಸೋಣ ಅಂದರೆ ಸಿದ್ದರಾಜು ಒಂದು ಕಡೆ ಸಿದ್ಧರಾಜು, ಇನ್ನೊಂದು ಕಡೆ ಬರೀ ರಾಜು. ಫೋನ್ ನಂಬರ್ ಕರೆತಂದ ಪಕ್ಕದ ಮನೆಯವರದ್ದು.

ರೆಫರಲ್ ಇನ್ನೂ ದೊಡ್ಡ ತೊಡಕು. ಮಳವಳ್ಳಿಯಲ್ಲಿ ಮೊದಲ ಡೋಸ್, ಅಲ್ಲಿಂದ ಮಂಡ್ಯ, ಅಲ್ಲಿಂದ ಮೈಸೂರು. ಒಬ್ಬನೇ ಮನುಷ್ಯ ಮೂರು ಕಡೆ ಮೂರು ರೋಗಿಯಾಗುತ್ತಾನೆ. ರೆಫರಲ್ ಚೀಟಿ ಕೇಸ್ ಶೀಟ್‌ಗೆ ಸೇರದೆ ಸಂಬಂಧಿಕರ ಜೇಬಿನಲ್ಲೇ ಉಳಿದರೆ, ಮೊದಲ ಡೋಸ್ ಯಾವಾಗ ಕೊಟ್ಟರು ಅನ್ನೋದು ನಿಮಗೆ ಸಿಗುವುದೇ ಇಲ್ಲ. ಎಲ್ಲಾ ಕಡೆ ಆಭಾ ಸಂಖ್ಯೆ (ಒಬ್ಬೊಬ್ಬರಿಗೂ ಇರುವ ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಹಾಕಿದ್ದರೆ ಜೋಡಿಸಬಹುದಿತ್ತು, ಆದರೆ ಪ್ರಜ್ಞೆ ಇಲ್ಲದವನ ಆಭಾ ಕೇಳುವುದಾದರೂ ಯಾರನ್ನು? ದಾರಿಯಲ್ಲೇ ತೀರಿಕೊಂಡವರನ್ನು ಶವಾಗಾರದ ರಿಜಿಸ್ಟರ್‌ನಲ್ಲಿ ಹುಡುಕಬೇಕು. ಅದನ್ನು ಬಿಟ್ಟರೆ ಸಾವಿನ ಲೆಕ್ಕ ಸುಳ್ಳಾಗುತ್ತದೆ.

ಅನುಮತಿಯ ಕೆಲಸ ಇವತ್ತೇ ಶುರುಮಾಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಗುರುತು ತೆಗೆದ ಹಳೆಯ ದಾಖಲೆಗಳಿಗೆ ರೋಗಿಯ ಒಪ್ಪಿಗೆಯಿಂದ ವಿನಾಯಿತಿ ಕೊಡುವ ಅಧಿಕಾರ ನೈತಿಕ ಸಮಿತಿಗಿದೆ. ಆದರೂ ವೈದ್ಯಕೀಯ ಅಧೀಕ್ಷಕರ ಅನುಮತಿ ಬೇರೆ ಬೇಕು. ಎಂಎಲ್‌ಸಿ ರಿಜಿಸ್ಟರ್ ಕೋರ್ಟಿಗೆ ಹೋಗುವ ದಾಖಲೆ, ಮೊಬೈಲ್‌ನಲ್ಲಿ ಫೋಟೋ ಹೊಡೆಯುವ ಯೋಚನೆಯೇ ಬೇಡ.

ಆರು ತಿಂಗಳ ಪ್ರಶ್ನೆಗೆ: ಒಂದೇ ಆಸ್ಪತ್ರೆ, ಹದಿನೈದು ಕಾಲಂ ಒಳಗೆ ಅಂದರೆ ಮುಗಿಯುತ್ತದೆ. ಐವತ್ತು ಕಾಲಂ ಇಟ್ಟರೆ ಮುಗಿಯದು. "ಬರೆದಿಲ್ಲ", "ಕೇಸ್ ಶೀಟ್ ಸಿಗಲಿಲ್ಲ", "ಅನ್ವಯಿಸದು" ಈ ಮೂರಕ್ಕೂ ಬೇರೆ ಬೇರೆ ಕೋಡ್ ಇಡಿ, ಮೂರನ್ನೂ ಖಾಲಿ ಬಿಟ್ಟರೆ ಆಮೇಲೆ ಬಿಡಿಸಲು ಬರುವುದಿಲ್ಲ. ಹತ್ತರಲ್ಲಿ ಒಂದು ಕೇಸ್ ಶೀಟನ್ನು ಇನ್ನೊಬ್ಬರ ಕೈಯಲ್ಲಿ ಮತ್ತೆ ತುಂಬಿಸಿ ತಾಳೆ ನೋಡಿ. ಫಾರಂ ಅಂತಿಮ ಮಾಡುವ ಮೊದಲು ರಾತ್ರಿ ಪಾಳಿಯ ನರ್ಸ್‌ಗೆ ತೋರಿಸಿ, ಯಾವ ಕಾಲಂ ತುಂಬಲು ಸಾಧ್ಯವಿಲ್ಲ ಅಂತ ಅವರೇ ಹೇಳುತ್ತಾರೆ. ಅದನ್ನು ಆಗಲೇ ತೆಗೆದುಹಾಕಿ.